ಕೊಟ್ಟಾರದ ಪಾಲುದಾರರು

ಅಪೊಲೋನಿಯಾಳಿಗೆ ಹೊಟ್ಟೆನೋವು ಬಂದದ್ದು ಶಾರ್ಟ್‌ಹ್ಯಾಂಡ್ ಪಾಠದ ನಡುವೆ. ಕರಿಹಲಗೆಯ ಮೇಲೆ ಗೆರೆಯೊಂದನ್ನು ಅರ್ಧಕ್ಕೇ ಬಿಟ್ಟು ಅವಳು ಮೇಜಿನ ಅಂಚು ಹಿಡಿದು ಕುಳಿತುಬಿಟ್ಟಳು. ಪಕ್ಕದ ಕೋಣೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಕುಶಲಾ ಓಡಿಬಂದು ನೋಡಿದರೆ ಅವಳ ಮುಖವೆಲ್ಲ ಬೆವರು. ಹುಡುಗಿಯರು ರಿಕ್ಷಾ ಕರೆತಂದರು. ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಅಪೆಂಡಿಕ್ಸ್, ತಡ ಮಾಡುವ ಹಾಗಿಲ್ಲ, ಆಪರೇಷನ್ ಆಗಬೇಕು ಎಂದರು.

"ಸಹಿ ಯಾರು ಹಾಕ್ತೀರಿ?" ಎಂದು ನರ್ಸ್ ಕೇಳಿದಳು.

"ನಾನು ಹಾಕ್ತೇನೆ," ಎಂದಳು ಕುಶಲಾ.

"ನೀವು ಇವರಿಗೆ ಎಂತ ಆಗ್ಬೇಕು?"

"ನಾವು ಒಟ್ಟಿಗೆ ಇನ್‌ಸ್ಟಿಟ್ಯೂಟ್ ನಡೆಸುದು."

"ಅದಲ್ಲ. ಸಂಬಂಧ ಎಂತ? ಅಕ್ಕ ತಂಗಿಯಾ?"

"ಅಲ್ಲ."

"ಹಾಗಾದ್ರೆ ಆಗುದಿಲ್ಲ. ಮನೆಯವರನ್ನು ಕರೆಸಿ."

ಮನೆಯವರು ಎಂದರೆ ಬಜಪೆಯಲ್ಲಿದ್ದ ಅಣ್ಣ ಆಂಬ್ರೋಸ್. ಅವನ ಮನೆಯಲ್ಲಿ ಫೋನಿರಲಿಲ್ಲ. ಕುಶಲಾ ಸ್ಟೇಟ್ ಬ್ಯಾಂಕಿನ ಹತ್ತಿರದ ಬಸ್ ನಿಲ್ದಾಣಕ್ಕೆ ಹೋಗಿ ಬಜಪೆ ಬಸ್ಸಿನ ಕಂಡಕ್ಟರನ ಬಳಿ ಹೇಳಿಕಳಿಸಿದಳು. ಆಂಬ್ರೋಸ್ ಯಾವುದೋ ಮದುವೆಯ ಮನೆಗೆ ಹೋಗಿದ್ದ. ಅವನು ಬಂದು ಮುಟ್ಟುವಾಗ ಸಂಜೆಯಾಗಿತ್ತು. ಅಷ್ಟರಲ್ಲಿ ಒಳಗೆ ಒಡೆದು ಕೀವು ಹರಡಿತ್ತು. ಜೀವವೇನೋ ಉಳಿಯಿತು. ಆದರೆ ಸಣ್ಣದರಲ್ಲಿ ಮುಗಿಯಬೇಕಾದ ಕಾಯಿಲೆ ಅವಳನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಕೆಡವಿತು. ಇದು ಎಂಬತ್ತೆರಡನೆಯ ಇಸವಿಯ ಫೆಬ್ರವರಿಯ ಮಾತು.

ಕುಶಲಾ ಮಣ್ಣಗುಡ್ಡದ ರತ್ನಾವತಿಯಮ್ಮನ ಮಗಳು. ವಯಸ್ಸು ಮೂವತ್ತೇಳು. ಮದುವೆಯಾಗಿರಲಿಲ್ಲ. ಮನೆ ರತ್ನಾವತಿಯ ತಾಯಿಯಿಂದ ಬಂದದ್ದು. ಬಂಟರ ಹಳೆಯ ಕ್ರಮದಂತೆ ಹೆಣ್ಣಿನಿಂದ ಹೆಣ್ಣಿಗೆ ಇಳಿದ ಮನೆ. ಅದರ ಎದುರಿನ ಎರಡು ಕೋಣೆಗಳಲ್ಲಿ ಕುಶಲಾಳ ಟೈಪಿಂಗ್ ಇನ್‌ಸ್ಟಿಟ್ಯೂಟ್. ಒಳಗಿನ ಭಾಗದಲ್ಲಿ ತಾಯಿ, ಅಣ್ಣ ಚಿತ್ತರಂಜನ, ಅತ್ತಿಗೆ ಶಶಿಪ್ರಭಾ. ಚಿತ್ತರಂಜನನಿಗೆ ಬಂದರಿನ ಹತ್ತಿರ ಮೋಟಾರು ಬಿಡಿಭಾಗಗಳ ಅಂಗಡಿ. ಅಪೊಲೋನಿಯಾ ಹಂಚಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಸ್ಟೆನೋ ಆಗಿದ್ದವಳು, ಅದನ್ನು ಬಿಟ್ಟು ಇಲ್ಲಿ ಶಾರ್ಟ್‌ಹ್ಯಾಂಡ್ ಕಲಿಸಲು ಸೇರಿ ಬಹಳ ವರ್ಷವಾಗಿತ್ತು. ಮಣ್ಣಗುಡ್ಡದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಮಧ್ಯಾಹ್ನದ ಊಟ ಮಾತ್ರ ಕುಶಲಾಳ ಜೊತೆಗೆ, ಇನ್‌ಸ್ಟಿಟ್ಯೂಟಿನ ಕೋಣೆಯಲ್ಲಿ, ಟೈಪ್ ಮೆಷಿನುಗಳನ್ನು ಬದಿಗೆ ಸರಿಸಿದ ಮೇಜಿನ ಮೇಲೆ. ಆದಿತ್ಯವಾರ ಅಪೊಲೋನಿಯಾ ಇಗರ್ಜಿಯಿಂದ ಬಂದ ಮೇಲೆ ಇಬ್ಬರೂ ಮೀನು ಮಾರ್ಕೆಟಿಗೋ ಸಮುದ್ರದ ಕಡೆಗೋ ಹೋಗಿಬರುತ್ತಿದ್ದರು. ಇಷ್ಟನ್ನು ಎಲ್ಲರೂ ನೋಡಿದ್ದರು, ಯಾರೂ ಏನೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಬಿಡುವ ದಿನ ಆಂಬ್ರೋಸ್ ತಂಗಿಯನ್ನು ಬಜಪೆಗೆ ಕರೆದೊಯ್ಯುತ್ತೇನೆಂದ. ಅಪೊಲೋನಿಯಾ ಒಪ್ಪಲಿಲ್ಲ. "ನಾನು ಕುಶಲಾಳಲ್ಲಿಗೆ ಹೋಗ್ತೇನೆ," ಎಂದಳು. ಕುಶಲಾ ಮನೆಯಲ್ಲಿ ಯಾರನ್ನೂ ಕೇಳದೆ ಅವಳನ್ನು ಕರೆತಂದು ತನ್ನ ಮಂಚದ ಮೇಲೆ ಮಲಗಿಸಿ, ತಾನು ಕೆಳಗೆ ಚಾಪೆ ಹಾಸಿಕೊಂಡಳು.

ರತ್ನಾವತಿ ಮೊದಲ ದಿನ ಗಂಜಿ ಬಸಿದು ತಿಳಿ ತಂದುಕೊಟ್ಟಳು. "ಕುಡಿಯಿರಿ ಬಾಯಿ, ಉಪ್ಪು ಹಾಕಿದ್ದೇನೆ," ಎಂದಳು. ಕ್ರಿಸ್ತಾನ್ ಹೆಂಗಸರನ್ನು ಗೌರವದಿಂದ ಬಾಯಿ ಎಂದು ಕರೆಯುವುದು ಊರಿನ ರೂಢಿ. ಕಾಯಿಲೆಯವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಆದರೆ ವಾರ ಕಳೆಯಿತು, ಎರಡನೆಯ ವಾರವೂ ಬಂತು, ಅಪೊಲೋನಿಯಾ ಎದ್ದು ಓಡಾಡತೊಡಗಿದಳು, ಹೋಗುವ ಮಾತು ಮಾತ್ರ ಬರಲಿಲ್ಲ. ಶಶಿಪ್ರಭಾ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಸದ್ದು ದಿನದಿನಕ್ಕೆ ಜೋರಾಯಿತು.

"ಅತ್ತೆ, ಒಂದು ಮಾತು ಕೇಳ್ತೇನೆ," ಎಂದಳು ಅವಳು ಒಂದು ಬೆಳಿಗ್ಗೆ ಮಸಾಲೆ ಕಡೆಯುತ್ತಾ. "ಈ ಬಾಯಿ ನೆಂಟರಾ, ಬಾಡಿಗೆಯವರಾ? ಗೊತ್ತಾದ್ರೆ ಅಕ್ಕಿ ಹಾಕುವಾಗ ಒಂದು ಅಂದಾಜು."

"ನನ್ನ ಹತ್ರ ಎಂತಕ್ಕೆ ಕೇಳುದು? ಅವಳನ್ನೇ ಕೇಳು," ಎಂದಳು ರತ್ನಾವತಿ.

ಶಶಿಪ್ರಭಾ ಕೇಳಲಿಲ್ಲ. ಕೇಳಿದವನು ಚಿತ್ತರಂಜನ, ಅದೂ ಬೇರೆ ದಾರಿಯಿಂದ. ಅಂದು ಮಧ್ಯಾಹ್ನ ಬಂಗುಡೆ ಮೀನಿನ ಸಾರು ಇತ್ತು. ಅಂಗಡಿಯಿಂದ ಊಟಕ್ಕೆ ಬಂದವನು ಎರಡು ತುತ್ತು ತಿಂದು ತಂಗಿಯ ಕಡೆ ತಿರುಗಿದ.

"ಬೊಂಬಾಯಿಯ ಮಹಾಬಲ ಶೆಟ್ಟರು ಮುಂದಿನ ವಾರ ಬರ್ತಾರೆ. ಎರಡು ಹೋಟೆಲು ಉಂಟು ಅವರಿಗೆ. ಹೆಂಡತಿ ತೀರಿ ಎರಡು ವರ್ಷ ಆಯ್ತು, ಇಬ್ಬರು ಮಕ್ಕಳು. ನಿನ್ನನ್ನು ನೋಡ್ಲಿಕ್ಕೆ ಬರುದು."

"ನನ್ನನ್ನು ಕೇಳದೆ ಬರ್ಲಿಕ್ಕೆ ಹೇಳಿದ್ದಾ?"

"ಕೇಳಿದ್ರೆ ನೀನು ಬೇಡ ಹೇಳ್ತೀ. ನಿನಗೆ ವಯಸ್ಸು ಎಷ್ಟಾಯ್ತು ಗೊತ್ತುಂಟಾ? ಇದು ಕಡೆಯದ್ದು. ಇನ್ನು ಯಾರೂ ಬರುದಿಲ್ಲ."

"ಬರುದು ಬೇಡ ಅಣ್ಣ. ಈಗ ನೀನು ಕೇಳಿದ್ದಕ್ಕೆ ಹೇಳ್ತೇನೆ, ನಾನು ಅಪೊಲೋನಿಯಾ ಒಟ್ಟಿಗೆ ಇರುದು ಅಂತ ಮಾಡಿದ್ದೇವೆ."

"ಒಟ್ಟಿಗೆ ಇರುದು ಅಂದ್ರೆ?"

"ಒಂದೇ ಮನೆ, ಒಂದೇ ಅಡಿಗೆ. ಇದ್ದಷ್ಟು ಕಾಲ. ಕಾಗದ ಮಾಡಿಸ್ತೇವೆ. ವಕೀಲರನ್ನು ನೋಡ್ಲಿಕ್ಕೆ ಉಂಟು."

ರತ್ನಾವತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಒಳಕೋಣೆಯಲ್ಲಿ ಅಪೊಲೋನಿಯಾ ಕೆಮ್ಮಿದ್ದು ಕೇಳಿಸಿತು. ಅವಳಿಗೂ ಎಲ್ಲ ಕೇಳುತ್ತಿತ್ತು.

"ಎಂತ ಕಾಗದ ಮಾರಾಯ್ತಿ? ಇಬ್ಬರು ಹೆಂಗಸರಿಗೆ ಎಂತ ಕಾಗದ?"

"ಪಾಲುದಾರಿಕೆದ್ದು. ನೀನೂ ನಿತ್ಯಾನಂದನೂ ಅಂಗಡಿಗೆ ಮಾಡಿಸಲಿಲ್ವಾ, ಹಾಗೆ."

"ನಾನು ನಿತ್ಯಾನಂದನೊಟ್ಟಿಗೆ ಅಂಗಡಿ ಇಟ್ಟದ್ದು. ಸಂಸಾರ ಮಾಡುದಲ್ಲ!"

"ಅದಕ್ಕೇ ನಿಮ್ಮಿಬ್ಬರಿಗೆ ದಿನಾ ಜಗಳ," ಎಂದಳು ಕುಶಲಾ.

ಶಶಿಪ್ರಭಾಗೆ ನಗು ಬಂತು. ಗಂಡನ ಮುಖ ನೋಡಿ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಚಿತ್ತರಂಜನ ಅರ್ಧ ಊಟದಲ್ಲೇ ಕೈತೊಳೆದ.

ಮಹಾಬಲ ಶೆಟ್ಟರು ಹೇಳಿದ ದಿನವೇ ಬಂದರು. ಬಿಳಿ ಸಫಾರಿ ತೊಟ್ಟ, ಮಾತು ಕಡಿಮೆಯ ಮನುಷ್ಯ. ರತ್ನಾವತಿ ಕೋಳಿ ಸಾರು, ನೀರುದೋಸೆ ಮಾಡಿಸಿದ್ದಳು. ಅಪೊಲೋನಿಯಾ ಬೆಳಿಗ್ಗೆಯೇ ತನ್ನ ಬಾಡಿಗೆ ಕೋಣೆಗೆ ಹೊರಟಿದ್ದಳು. "ನಾನು ಇದ್ರೆ ನಿನ್ನ ಅಮ್ಮನಿಗೆ ಕಷ್ಟ," ಎಂದಳು. ಕುಶಲಾ ಅವಳನ್ನು ತಡೆಯಲಿಲ್ಲ. ಆದರೆ ಉಟ್ಟದ್ದು ಕ್ಲಾಸಿಗೆ ಉಡುವ ಹತ್ತಿಯ ಸೀರೆಯನ್ನೇ.

ಊಟವಾದ ಮೇಲೆ ಇಬ್ಬರೇ ಮಾತಾಡಲಿ ಎಂದು ಉಳಿದವರು ಎದ್ದು ಹೋದರು. ಕುಶಲಾ ನೇರ ವಿಷಯಕ್ಕೆ ಬಂದಳು.

"ಶೆಟ್ರೇ, ನಿಮ್ಮನ್ನು ಸುಮ್ಮನೆ ಬರುವ ಹಾಗೆ ಮಾಡಿದ್ದು ನನಗೆ ಬೇಸರ ಉಂಟು. ನನಗೆ ಮದುವೆ ಬೇಡ. ನಾನು ಒಬ್ಬಳ ಒಟ್ಟಿಗೆ ಇರ್ತೇನೆ ಅಂತ ಮಾತು ಕೊಟ್ಟಿದ್ದೇನೆ. ನಮ್ಮ ಇನ್‌ಸ್ಟಿಟ್ಯೂಟಿನವಳು."

ಮಹಾಬಲ ಶೆಟ್ಟರು ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡರು.

"ನನಗೆ ಮಕ್ಕಳನ್ನು ನೋಡುವವರು ಬೇಕಿತ್ತು," ಎಂದರು. "ಮನಸ್ಸಿಲ್ಲದವರನ್ನು ಕರ್ಕೊಂಡು ಹೋದ್ರೆ ಮಕ್ಕಳಿಗೆ ಗೊತ್ತಾಗ್ತದೆ. ನೀವು ಹೇಳಿದ್ದು ಒಳ್ಳೆಯದಾಯ್ತು."

ಹೊರಡುವಾಗ ಅವರು ಚಿತ್ತರಂಜನನಿಗೆ ತಂಗಿಯನ್ನು ಬೈಯಬೇಡಿ ಎಂದು ಹೇಳಿ ಹೋದರು. ಅದೇ ಅವನಿಗೆ ಹೆಚ್ಚು ಚುಚ್ಚಿತು. ಅತಿಥಿಯ ರಿಕ್ಷಾ ಮೂಲೆ ತಿರುಗುವ ಮೊದಲೇ ಅವನ ದನಿ ಎದ್ದಿತು.

"ಮರ್ಯಾದಿ ತೆಗೆದೆ! ಇನ್ನು ಆ ಬಾಯಿ ಈ ಮನೆಗೆ ಕಾಲಿಡ್ಲಿಕ್ಕಿಲ್ಲ. ನಿನ್ನ ಇನ್‌ಸ್ಟಿಟ್ಯೂಟೂ ಸಾಕು. ಎದುರಿನ ಕೋಣೆ ನನಗೆ ಗೋಡೌನಿಗೆ ಬೇಕು."

"ಬೇಕಾದ್ರೆ ತಗೊ. ಮೇ ಪರೀಕ್ಷೆ ಮುಗಿಯುವವರೆಗೆ ಸಮಯ ಕೊಡು. ಮಕ್ಕಳು ಫೀಸು ಕಟ್ಟಿದ್ದಾರೆ," ಎಂದಳು ಕುಶಲಾ.

ಅವಳು ಅಳಬಹುದು, ಕೂಗಾಡಬಹುದು ಎಂದು ಅವನು ಎಣಿಸಿದ್ದ. ಅವಳು ಮಾತ್ರ ಎಂಜಲು ಎಲೆಗಳನ್ನು ಎತ್ತಿ ನೆಲ ಒರೆಸಲು ಹೋದಳು.

ಮರುವಾರ ಇಬ್ಬರೂ ವಕೀಲ ಅಬ್ದುಲ್ ರಹ್ಮಾನರ ಆಫೀಸಿಗೆ ಹೋದರು. ಅಪೊಲೋನಿಯಾ ಇನ್ನೂ ಮೆಟ್ಟಿಲು ಹತ್ತುವಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ವಕೀಲರು ಎಲ್ಲವನ್ನೂ ಕೇಳಿಸಿಕೊಂಡರು. ವಯಸ್ಸಾದವರು, ಕನ್ನಡಕ ಹಣೆಗೆ ಏರಿಸಿ ಮಾತಾಡುವ ಅಭ್ಯಾಸ.

"ಮದುವೆಗೆ ಕಾನೂನು ಉಂಟು. ದತ್ತು ತಗೊಳ್ಲಿಕ್ಕೆ ಉಂಟು. ಇಬ್ಬರು ಹೆಂಗಸರದ್ದು ಒಂದು ಸಂಸಾರ ಅಂತ ಬರೆಸ್ಲಿಕ್ಕೆ ಯಾವ ಪುಸ್ತಕದಲ್ಲೂ ಇಲ್ಲ ತಂಗಿ."

"ನಮಗೆ ಇದ್ದದ್ದರಲ್ಲಿ ಆಗುವಂಥದ್ದು ಹೇಳಿ," ಎಂದಳು ಕುಶಲಾ.

"ಪಾಲುದಾರಿಕೆ ಆಗ್ತದೆ. ಅದನ್ನು ರಿಜಿಸ್ಟ್ರಿ ಮಾಡುವ. ಇಬ್ಬರು ಎಂತಕ್ಕೆ ಒಟ್ಟಿಗೆ ಸೇರಿದ್ರಿ ಅಂತ ಅಲ್ಲಿ ಸರಕಾರ ಕೇಳುದಿಲ್ಲ. ಯಾರು, ಎಲ್ಲಿ, ಎಂತ ಕೆಲಸ, ಎಷ್ಟು ಪಾಲು. ಇಷ್ಟೇ."

"ನಾವು ಇನ್‌ಸ್ಟಿಟ್ಯೂಟಿನ ಒಟ್ಟಿಗೆ ಕೆಲಸದ ಹುಡುಗಿಯರಿಗೆ ಹಾಸ್ಟೆಲೂ ಮಾಡ್ಬೇಕು ಅಂತ ಉಂಟು," ಎಂದಳು ಅಪೊಲೋನಿಯಾ. "ಅದೇ ಕಟ್ಟಡದಲ್ಲಿ ನಾವಿಬ್ಬರೂ ಇರುದು. ಅದನ್ನೂ ಬರೀರಿ. ಇಬ್ಬರೂ ಅಲ್ಲೇ ವಾಸ ಅಂತ."

"ಬರೀಬಹುದು."

"ಒಬ್ಬಳಿಗೆ ಕಾಯಿಲೆಯಾದ್ರೆ ಇನ್ನೊಬ್ಬಳು ನೋಡ್ಕೊಳ್ಬೇಕು. ಆಸ್ಪತ್ರೆಯಲ್ಲಿ ಸಹಿ ಹಾಕ್ಬೇಕು. ಅದು?"

"ಅದಕ್ಕೆ ಬೇರೆ ಅಧಿಕಾರಪತ್ರ ಮಾಡುವ. ಆಸ್ಪತ್ರೆಯವರು ಒಪ್ತಾರೆ ಅಂತ ನಾನು ಹೇಳುದಿಲ್ಲ. ಆದ್ರೆ ಕೈಯಲ್ಲಿ ಕಾಗದ ಇದ್ದವರೊಟ್ಟಿಗೆ ಜನ ಸ್ವಲ್ಪ ಮೆಲ್ಲ ಮಾತಾಡ್ತಾರೆ. ಮತ್ತೆ ಇಬ್ಬರೂ ಒಂದೊಂದು ಉಯಿಲು ಬರೆದಿಡಿ. ಯಾಕೆಂದ್ರೆ ಇಬ್ಬರೇ ಇರುವ ಪಾಲುದಾರಿಕೆ ಒಬ್ಬರು ತೀರಿಹೋದ್ರೆ ಅಲ್ಲಿಗೇ ಮುಗಿದ ಹಾಗೆ."

"ಮದುವೆಯೂ ಹಾಗೇ ಅಲ್ವಾ ಸರ್?" ಎಂದಳು ಅಪೊಲೋನಿಯಾ.

ವಕೀಲರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಅವಳನ್ನು ನೋಡಿದರು. ನಂತರ ಕಾಗದ ಎಳೆದುಕೊಂಡು ಬರೆಯತೊಡಗಿದರು. "ಅವಧಿ ಎಷ್ಟು ಹಾಕುದು? ಸಾಧಾರಣ ಜನ ಬೇಕಾದಾಗ ಬಿಡಬಹುದು ಅಂತ ಹಾಕಿಸ್ತಾರೆ."

"ಜೀವ ಇರುವವರೆಗೆ ಅಂತ ಹಾಕಿ," ಎಂದಳು ಕುಶಲಾ.

ವಿಷಯ ತಿಳಿದು ಚಿತ್ತರಂಜನ ತಡಮಾಡಲಿಲ್ಲ. ಸುರತ್ಕಲ್ಲಿನ ಕಡೆಯಿದ್ದ ಶೀನಪ್ಪ ಮಾವನನ್ನು ಕರೆಸಿದ. ರತ್ನಾವತಿಯ ತಮ್ಮನಾದ ಶೀನಪ್ಪನೇ ಆ ಮನೆತನಕ್ಕೆ ಹಿರಿಯ ಗಂಡಸು. ಹಿಂದಿನ ಯಜಮಾನಿಕೆಯ ಅಧಿಕಾರವೇನೂ ಉಳಿದಿರಲಿಲ್ಲ. ಆದರೂ ಅವನ ಮಾತಿಗೆ ಎದುರಾಡುವವರಿರಲಿಲ್ಲ. ಏಪ್ರಿಲಿನ ಸೆಕೆಯಲ್ಲಿ ಶಲ್ಯದಿಂದ ಗಾಳಿ ಹಾಕಿಕೊಳ್ಳುತ್ತಾ ಅವನು ಮನೆಯ ಚಾವಡಿಯ ಬೆಂಚಿನಲ್ಲಿ ಕುಳಿತ. ಶಶಿಪ್ರಭಾ ಬೆಲ್ಲ, ನೀರು ತಂದಿಟ್ಟಳು.

"ಎಂತ ಇದೆಲ್ಲ ಕುಶಲಾ? ಪಾಲುದಾರಿಕೆಯಂತೆ, ರಿಜಿಸ್ಟ್ರಿಯಂತೆ."

"ಹೌದು ಮಾವ. ಮುಂದಿನ ತಿಂಗಳು ಆಗ್ತದೆ."

"ಅವಳು ಕ್ರಿಸ್ತಾನ್ತಿ. ನಾವು ಬಂಟರು. ಅವಳ ಅಡಿಗೆ ಬೇರೆ, ನಮ್ಮದು ಬೇರೆ."

"ಇಬ್ಬರೂ ತಿನ್ನುದು ಅದೇ ಕುಚ್ಚಲಕ್ಕಿ, ಅದೇ ಬೂತಾಯಿ ಮೀನು ಮಾವ. ಅವಳು ಸ್ವಲ್ಪ ಹುಳಿ ಹೆಚ್ಚು ಹಾಕ್ತಾಳೆ."

"ಮಾತು ಬೇಡ. ನಾಳೆ ನೀನು ಮುದುಕಿ ಆದಾಗ ಯಾರು? ಮಕ್ಕಳಾ ಮರಿಗಳಾ?"

"ಮಕ್ಕಳಿದ್ದವರನ್ನೆಲ್ಲ ಮಕ್ಕಳೇ ನೋಡ್ತಾರಾ?"

"ಇವಳು ಹೀಗೇ ಮಾವ," ಎಂದು ಚಿತ್ತರಂಜನ ಮಧ್ಯೆ ಬಾಯಿ ಹಾಕಿದ. "ಊರಿಡೀ ಕೇಳ್ತದೆ. ಅಂಗಡಿಗೆ ಬಂದವರು ಕೇಳ್ತಾರೆ, ತಂಗಿದ್ದು ಎಂತ ಕತೆ ಅಂತ. ನಾನು ಎಂತ ಹೇಳ್ಲಿ? ಇದು ಬೇಕಾದ್ರೆ ಈ ಮನೆಯ ಹೊರಗೆ ಹೋಗಿ ಮಾಡ್ಲಿ. ಮತ್ತೆ ಇಲ್ಲಿ ಮೆಟ್ಟಿಲು ಹತ್ತುದು ಬೇಡ."

ಅದುವರೆಗೆ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದ ರತ್ನಾವತಿ ಚಾವಡಿಗೆ ಬಂದಳು.

"ಯಾರ ಮನೆಯ ಮೆಟ್ಟಿಲು ಚಿತ್ತರಂಜನಾ?"

"ಅಮ್ಮ, ನಾನು ಹೇಳಿದ್ದು..."

"ಇದು ನನ್ನ ಅಮ್ಮನ ಮನೆ. ನಾನು ಮೊದಲನೆಯ ಗಂಡನನ್ನು ಬಿಟ್ಟು ಬಂದದ್ದು ಇದೇ ಚಾವಡಿಗೆ. ಕೈ ಮಾಡುವ ಮನುಷ್ಯ, ನನಗೆ ಬೇಡ ಅಂತ ನಾಲ್ಕು ಜನರ ಎದುರು ಹೇಳಿದೆ. ಶೀನಪ್ಪಾ, ನಿನಗೆ ನೆನಪುಂಟಲ್ಲ?"

ಶೀನಪ್ಪ ತಲೆಯಾಡಿಸಿದ. "ಉಂಟು. ನೀನು ಗೋಣಿಯಲ್ಲಿ ಪಾತ್ರೆ ಕಟ್ಕೊಂಡು ಬಂದದ್ದು."

"ಆಗ ನನ್ನ ಸೋದರಮಾವ ಕೇಳಿದ್ದು ಒಂದೇ, ಊಟ ಆಯ್ತಾ ಅಂತ. ಎರಡನೆಯವರು ಇವರ ಅಪ್ಪ. ಅವರೂ ಇಲ್ಲಿಗೇ ಬಂದದ್ದು, ನಾನು ಹೋದದ್ದಲ್ಲ." ಅವಳು ಮಗನ ಕಡೆ ತಿರುಗಿದಳು. "ಇವಳು ಮಾಡುದು ನನಗೆ ಸರಿ ಕಾಣುದಿಲ್ಲ. ಸತ್ಯ ಹೇಳ್ತೇನೆ, ನನಗೆ ಅರ್ಥವೇ ಆಗುದಿಲ್ಲ. ಆದ್ರೆ ಈ ಮನೆಯ ಹೆಣ್ಣಿಗೆ ಹೊರಗೆ ಹೋಗು ಅಂತ ಹೇಳುವ ಕ್ರಮ ಇಲ್ಲ. ನೀನೂ ಹೇಳ್ಬೇಡ."

ಶೀನಪ್ಪ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡ.

"ಹಾಗಾದ್ರೆ ಇಲ್ಲೇ ಇರು ಕುಶಲಾ," ಎಂದಳು ರತ್ನಾವತಿ. "ಕಾಗದಗೀಗದ ಎಲ್ಲ ಬೇಡ. ಆ ಬಾಯಿ ಬೇಕಾದ್ರೆ ಬಂದು ಹೋಗ್ಲಿ, ಮೊದಲಿನ ಹಾಗೆ."

ಆಗ ಕುಶಲಾ ಒಪ್ಪಿದ್ದರೆ ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ತಾಯಿಯ ಬಳಿಗೆ ಬಂದು ನಿಂತಳು.

"ಬಂದು ಹೋಗುದು ಸಾಕು ಅಮ್ಮ. ಅವಳು ಅಲ್ಲಿ ಸಾಯ್ತಾ ಇದ್ಳು, ನಾನು ಹೊರಗೆ ಬೆಂಚಿನಲ್ಲಿ ಕೂತಿದ್ದೆ. ನಾನು ಯಾರೂ ಅಲ್ಲ ಅಂತ ಹೇಳಿದ್ರು. ಇನ್ನು ಯಾರೂ ನನಗೆ ಹಾಗೆ ಹೇಳ್ಬಾರದು. ನನ್ನನ್ನು ಯಾರೂ ಹೊರಗೆ ಹಾಕುದಲ್ಲ, ನಾನೇ ಹೋಗುದು. ಅವಳೊಟ್ಟಿಗೆ."

ರತ್ನಾವತಿ ಮಗಳ ಮುಖವನ್ನು ನೋಡಿದಳು. ಮತ್ತೆ ಒಳಗೆ ಹೋದಳು. ಅಂದಿನಿಂದ ಅವಳು ಕುಶಲಾಳ ಜೊತೆ ಮಾತು ಬಿಟ್ಟಳು. ಬಡಿಸುತ್ತಿದ್ದಳು, ಬೇಕಾ ಎಂದು ಕೇಳುತ್ತಿರಲಿಲ್ಲ. ಸಾರು ಖಾಲಿಯಾದರೆ ಸೌಟು ತಾನಾಗಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ವಕೀಲರ ಕರಡನ್ನು ಕುಶಲಾ ತಾನೇ ಸ್ಟಾಂಪ್ ಪೇಪರಿನ ಮೇಲೆ ಟೈಪ್ ಮಾಡಿದಳು. ಕೊನೆಯ ಹುಡುಗಿ ಕ್ಲಾಸು ಮುಗಿಸಿ ಹೋದ ಮೇಲೆ, ಹೊಸ ರಿಬ್ಬನ್ ಹಾಕಿ ಕುಳಿತಳು. ಅಪೊಲೋನಿಯಾ ಪಕ್ಕದಲ್ಲಿ ನಿಂತು ಒಂದೊಂದೇ ಸಾಲನ್ನು ಓದಿಹೇಳಿದಳು. ಜೀವ ಇರುವವರೆಗೆ ಎನ್ನುವ ಸಾಲು ಬಂದಾಗ ಓದುವುದನ್ನು ನಿಲ್ಲಿಸಿದಳು.

"ಇನ್ನೊಮ್ಮೆ ಯೋಚನೆ ಮಾಡು ಕುಶಲಾ. ನಿನಗೆ ಮನೆ ಉಂಟು, ಅಮ್ಮ ಉಂಟು. ನನಗೆ ಕಳ್ಕೊಳ್ಲಿಕ್ಕೆ ಹೆಚ್ಚೇನಿಲ್ಲ."

"ಮುಂದಿನ ಸಾಲು ಓದು," ಎಂದಳು ಕುಶಲಾ.

ಮೇ ತಿಂಗಳ ಕೊನೆಗೆ ರಿಜಿಸ್ಟ್ರಿ ಆಯಿತು. ಸಾಕ್ಷಿ ಹಾಕಲು ಒಬ್ಬ ವಕೀಲರ ಗುಮಾಸ್ತ, ಇನ್ನೊಬ್ಬ ಆಂಬ್ರೋಸ್. ಅವನು ಬರುತ್ತಾನೆಂದು ಅಪೊಲೋನಿಯಾ ನಂಬಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಜಪೆಯ ಮೊದಲ ಬಸ್ಸಿಗೇ ಬಂದಿದ್ದ.

"ಪಾದ್ರಿಗಳು ಕೇಳಿದ್ರೆ ಬಿಸ್ನೆಸ್ ಅಂತ ಹೇಳ್ತೇನೆ," ಎಂದ ತಂಗಿಗೆ.

"ಬಿಸ್ನೆಸ್ಸೇ ಅಲ್ವಾ?"

"ಆಗ್ಲಿ ಮಾರಾಯ್ತಿ. ಆ ದಿನ ನಾನು ಬರುವಾಗ ಕುಶಲಬಾಯಿ ಬೆಂಚಿನಲ್ಲಿ ಕೂತಿದ್ದು ನಾನು ನೋಡಿದ್ದೇನೆ. ಎಲ್ಲಿ ಸಹಿ ಹಾಕ್ಬೇಕು, ತೋರಿಸು."

ರಿಜಿಸ್ಟ್ರಿ ಆಫೀಸಿನ ಗುಮಾಸ್ತ ಕಾಗದವನ್ನು ಓದಿ ಹುಬ್ಬೇರಿಸಿದ. "ಇದೆಂತ, ಅವಧಿ ಜೀವ ಇರುವವರೆಗೆ? ಬಿಸ್ನೆಸ್ಸಿಗೆ ಯಾರೂ ಹೀಗೆ ಹಾಕುದಿಲ್ಲ."

"ಹಾಕಬಾರ್ದು ಅಂತ ಉಂಟಾ?" ಎಂದು ಕುಶಲಾ ಕೇಳಿದಳು.

ಅವನು ಹಿಂದೆ ಮುಂದೆ ನೋಡಿದ. "ಇಲ್ಲ," ಎಂದು ಸೀಲು ಒತ್ತಿದ.

ಹೊರಗೆ ಬಂದು ಮೂವರೂ ಹೋಟೆಲಿನಲ್ಲಿ ಗೋಳಿಬಜೆ ತಿಂದು ಚಾ ಕುಡಿದರು. ಸಂಭ್ರಮವೆಂದು ಆದದ್ದು ಅಷ್ಟೇ. ಅಪೊಲೋನಿಯಾ ಮೇಜಿನ ಕೆಳಗೆ ಕುಶಲಾಳ ಕೈ ಹಿಡಿದುಕೊಂಡಿದ್ದಳು. ಆಂಬ್ರೋಸ್ ಕಂಡೂ ಕಾಣದವನಂತೆ ಚಟ್ನಿ ಕೇಳಿದ.

ಮನೆ ಸಿಕ್ಕಿದ್ದು ಕೊಟ್ಟಾರದಲ್ಲಿ. ಗಲ್ಫಿನಲ್ಲಿದ್ದ ಅಬೂಬಕ್ಕರ್ ಎಂಬವರದು. ಅವರ ಹೆಂಡತಿ ಝುಬೈದಾ ಹಿಂಬದಿಯ ಮನೆಯಲ್ಲಿದ್ದಳು. "ಗಂಡಸರು ಯಾರೂ ಇಲ್ವಾ?" ಎಂದು ಕೇಳಿದಳು. ಇಲ್ಲ ಎಂದಾಗ, "ಒಳ್ಳೆಯದಾಯ್ತು, ನನಗೂ ಮಾತಾಡ್ಲಿಕ್ಕೆ ಜನ ಆಯ್ತು," ಎಂದು ಬೀಗದಕೈ ಕೊಟ್ಟಳು. ಉದ್ದ ಜಗಲಿ, ನಾಲ್ಕು ಕೋಣೆ. ಹೆದ್ದಾರಿಯ ಲಾರಿಗಳ ಸದ್ದು ಮನೆಯೊಳಗೇ ಕೇಳುತ್ತಿತ್ತು. ಆದರೆ ಟೈಪಿಂಗ್ ಕಲಿಸುವವರಿಗೆ ಸದ್ದಿನ ತೊಂದರೆ ಇಲ್ಲ.

ಮಣ್ಣಗುಡ್ಡದಿಂದ ಮೆಷಿನುಗಳನ್ನು ಟೆಂಪೋಗೆ ಏರಿಸುವ ದಿನ ಚಿತ್ತರಂಜನ ಅಂಗಡಿಯಿಂದ ಬರಲೇ ಇಲ್ಲ. ರತ್ನಾವತಿ ಒಳಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಶಶಿಪ್ರಭಾ ಮಾವಿನಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಟೆಂಪೋದ ಮುಂದಿನ ಸೀಟಿನಲ್ಲಿಟ್ಟಳು.

"ನಿಮಗೆ ಹೆದರಿಕೆ ಆಗುದಿಲ್ವಾ ಕುಶಲಾ?" ಎಂದು ಮೆಲ್ಲಗೆ ಕೇಳಿದಳು.

"ಆಗ್ತದೆ ಅತ್ತಿಗೆ."

"ಮತ್ತೆ?"

"ಮತ್ತೆ ಎಂತ, ಹೆದರಿಕೊಂಡೇ ಹೋಗುದು."

ಕುಶಲಾ ಮುಚ್ಚಿದ ಬಾಗಿಲ ಹೊರಗೆ ನಿಂತು, "ಅಮ್ಮ, ನಾನು ಹೋಗಿ ಬರ್ತೇನೆ," ಎಂದಳು. ಸ್ವಲ್ಪ ಹೊತ್ತು ಕಾದು ಹೊರಟಳು.

ಮೊದಲ ತಿಂಗಳು ಕಷ್ಟವೇ ಆಯಿತು. ಮಣ್ಣಗುಡ್ಡದ ಅರ್ಧಕ್ಕರ್ಧ ಹುಡುಗಿಯರು ಕೊಟ್ಟಾರಕ್ಕೆ ಬರಲಿಲ್ಲ. ಹಾಸ್ಟೆಲಿಗೆ ಬಂದವರು ಇಬ್ಬರೇ ನರ್ಸುಗಳು. ಸೀಮೆಎಣ್ಣೆಗೆ ಸಾಲು ನಿಲ್ಲುವುದು, ನೀರು ಬರುವ ಹೊತ್ತಿಗೆ ಹಂಡೆ ತುಂಬಿಸುವುದು, ಅಡಿಗೆ, ಕ್ಲಾಸು. ಅಡಿಗೆಯ ವಿಷಯದಲ್ಲಿ ಇಬ್ಬರಿಗೂ ಜಗಳವಾಯಿತು. ಸಾರಿಗೆ ವಿನೆಗರ್ ಹಾಕಿದರೆ ಕುಶಲಾಳಿಗೆ ಆಗದು. ತೆಂಗಿನಕಾಯಿ ಇಷ್ಟೇಕೆ ಎಂದು ಅಪೊಲೋನಿಯಾ ಕೇಳುವಳು. ಕೊನೆಗೆ ಒಂದು ದಿನ ಅವಳದು, ಒಂದು ದಿನ ಇವಳದು ಎಂದು ಮಾಡಿಕೊಂಡರು. ಜುಲೈ ಬರುವಾಗ ಬೆಳಗಿನ ಕ್ಲಾಸಿನಲ್ಲಿ ಮೆಷಿನು ಸಾಲದಷ್ಟು ಹುಡುಗಿಯರಾದರು.

ತುಳುವರ ಮಳೆಗಾಲದ ಆಟಿ ತಿಂಗಳು ಸುರುವಾದ ವಾರ, ಶನಿವಾರ ಮಧ್ಯಾಹ್ನ, ಚಿತ್ತರಂಜನನ ಸ್ಕೂಟರು ಜಗಲಿಯ ಮುಂದೆ ನಿಂತಿತು. ರೈನ್‌ಕೋಟಿನಿಂದ ನೀರು ಇಳಿಯುತ್ತಿತ್ತು. ಒಳಗೆ ಮೆಷಿನುಗಳು ಟಕಟಕ ಹೊಡೆದುಕೊಳ್ಳುತ್ತಿದ್ದವು. ಕುಶಲಾ ಹೊರಗೆ ಬಂದಳು.

"ಅಮ್ಮನಿಗೆ ಎಂತ ಆಯ್ತು?"

"ಎಂತ ಆಗ್ಲಿಲ್ಲ. ಅಮ್ಮನೇ ಕಳಿಸಿದ್ದು." ಅವನು ಬೇರೆ ಕಡೆ ನೋಡುತ್ತಾ ಹೇಳಿದ. "ನಿನ್ನನ್ನು ಆಟಿಗೆ ಕರ್ಕೊಂಡು ಬಾ ಅಂದ್ರು."

ಕುಶಲಾಳಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಅನುಮಾನವಾಯಿತು. ತುಳುವರಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯನ್ನು ಮೊದಲ ಆಟಿಗೆ ತಾಯಿಮನೆಯವರು ಕರೆದುಕೊಂಡು ಹೋಗಿ ಕೂರಿಸುತ್ತಾರೆ. ತಿಂಗಳು ಮುಗಿದ ಮೇಲೆ ಗಂಡ ಬಂದು ಕರೆದೊಯ್ಯುತ್ತಾನೆ. ಮದುವೆಯಾಗದವಳನ್ನು ಆಟಿಗೆ ಕರೆಯುವುದಿಲ್ಲ.

"ಆಟಿಗಾ? ಅಮ್ಮ ಹಾಗೇ ಹೇಳಿದ್ರಾ?"

"ಹಾಗೇ ಹೇಳಿದ್ದು. ನಾನು ಹೇಳಿದೆ, ಅಮ್ಮ, ಅದು ಮದುವೆಯಾದವರಿಗೆ ಅಲ್ವಾ ಅಂತ. ಅದಕ್ಕೆ, ನನಗೆ ಕ್ರಮ ಕಲಿಸ್ಬೇಡ, ಸ್ಕೂಟರ್ ತೆಗೆ ಅಂದ್ರು." ಅವನು ರೈನ್‌ಕೋಟಿನ ಗುಂಡಿಯನ್ನು ಬಿಚ್ಚಿದ, ಮತ್ತೆ ಹಾಕಿದ. "ನಾಳೆ ಮಧ್ಯಾಹ್ನ ಊಟಕ್ಕೆ ಬಾಯಿಯೂ ಬರ್ಬೇಕಂತೆ."

ಬಾಗಿಲಲ್ಲಿ ಬಂದು ನಿಂತಿದ್ದ ಅಪೊಲೋನಿಯಾ ಇದನ್ನು ಕೇಳಿಸಿಕೊಂಡಳು. "ನೀನು ಹೊರಡು," ಎಂದಳು ಕುಶಲಾಳಿಗೆ. "ಸಂಜೆಯ ಕ್ಲಾಸು ನಾನು ನೋಡ್ತೇನೆ." ನಂತರ ಚಿತ್ತರಂಜನನಿಗೆ, "ಒಳಗೆ ಬನ್ನಿ, ಚಾ ಕುಡಿದು ಹೋಗಿ," ಎಂದಳು. ಅವನು ಒಳಗೆ ಬರಲಿಲ್ಲ. ಜಗಲಿಯಲ್ಲೇ ನಿಂತು ಚಾ ಕುಡಿದ. ಗ್ಲಾಸು ಹಿಂದಿರುಗಿಸುವಾಗ, "ಸಕ್ರೆ ಸರಿ ಉಂಟು," ಎಂದ.

ಆದಿತ್ಯವಾರ ಇಗರ್ಜಿಯಿಂದ ನೇರ ಅಪೊಲೋನಿಯಾ ಮಣ್ಣಗುಡ್ಡಕ್ಕೆ ಬಂದಳು. ಹಸಿರು ಸೀರೆ ಉಟ್ಟಿದ್ದಳು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಕೇಕಿನ ಪೊಟ್ಟಣ. ಆ ಮನೆಯ ಒಳಗಿನ ಚಾವಡಿಯಲ್ಲಿ ಎಲ್ಲರೊಂದಿಗೆ ಅವಳು ಊಟಕ್ಕೆ ಕುಳಿತದ್ದು ಅದೇ ಮೊದಲು. ಶೀನಪ್ಪ ಮಾವನೂ ಬಂದಿದ್ದ. ಅವನು ಅವಳನ್ನು ಒಮ್ಮೆ ನೋಡಿ, ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ. ಕೆಸುವಿನೆಲೆಯ ಪತ್ರೊಡೆ, ಎಳೆಬಿದಿರಿನ ಕಣಿಲೆ ಪಲ್ಯ, ಕೋಳಿ ಸಾರು. ಶಶಿಪ್ರಭಾ ಬಡಿಸಲು ಬಂದಳು. ರತ್ನಾವತಿ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡಳು.

ಮೊದಲು ಶೀನಪ್ಪನಿಗೆ, ಮಗನಿಗೆ, ಮಗಳಿಗೆ. ಆಮೇಲೆ ಅಪೊಲೋನಿಯಾಳ ಎಲೆಯ ಮುಂದೆ ನಿಂತಳು. ಎಲ್ಲರೂ ಊಟ ನಿಲ್ಲಿಸಿದ್ದರು.

"ಇವಳು ಆಟಿ ಮುಗಿಯುವ ಸಂಕ್ರಾಂತಿಯವರೆಗೆ ಇಲ್ಲೇ ಇರ್ತಾಳೆ," ಎಂದಳು ರತ್ನಾವತಿ. "ಇಲ್ಲಿಂದಲೇ ಕ್ಲಾಸಿಗೆ ಹೋಗಿ ಬರ್ತಾಳೆ. ಕೊಟ್ಟಾರ ಎಂತ ದೂರವಾ?"

"ಆಗ್ಲಿ ಅಮ್ಮ," ಎಂದಳು ಅಪೊಲೋನಿಯಾ.

"ತಿಂಗಳು ಮುಗಿದ ಮೇಲೆ ಇವಳು ಒಬ್ಬಳೇ ಹೊರಟು ಹೋಗುದು ಬೇಡ. ನೀನು ಬರ್ಬೇಕು, ನೀನೇ ಕರ್ಕೊಂಡು ಹೋಗ್ಬೇಕು. ನಮ್ಮಲ್ಲಿ ಅದು ಕ್ರಮ."

ಇದುವರೆಗೆ ಬಾಯಿ ಎಂದೂ ನೀವು ಎಂದೂ ಕರೆಯುತ್ತಿದ್ದವಳು ನೀನು ಎಂದದ್ದು ಎಲ್ಲರಿಗೂ ಕೇಳಿಸಿತು. ಅಪೊಲೋನಿಯಾ ತಲೆಯೆತ್ತಿದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಬರ್ತೇನೆ," ಎಂದಳು.

"ಹಾಗಾದ್ರೆ ಊಟ ಮಾಡು," ಎಂದು ರತ್ನಾವತಿ ಅವಳ ಎಲೆಗೆ ಪತ್ರೊಡೆ ಬಡಿಸಿದಳು.